ದಾರಂದದ ತುಂಡಿನಿಂದೊಂದು ಮೇಜುದೀಪ

ತೀರ್ಥಹಳ್ಳಿ
ಕಾರ್ತಿಕ ಮಾಸ, ಭಾನುವಾರ

ಚಿ. ಪುಟ್ಟಿಗೆ,

ಒಯ್ದ ಮರದಿಂದ ಮೇಜುದೀಪ ಮಾಡುವುದು ಹೇಗೆ ಎಂದು ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಿಬಿಡಬಹುದಿತ್ತು. ಆದರೆ ಮರಗೆಲಸವನ್ನು ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಕಾಗದವಾದರೆ ಗರಗಸದ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಓದಬಹುದು, ಅನುಮಾನ ಬಂದ ಕಡೆ ಬೆರಳಿಟ್ಟು ಮತ್ತೆ ಓದಬಹುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವನು ನಾನು. ಬೋರ್ಡಿನ ಮೇಲೆ ಬರೆಯದೆ ಪಾಠ ಮಾಡಿ ಅಭ್ಯಾಸವಿಲ್ಲ.

ದೀಪಾವಳಿಗೆ ಬಂದವಳು ಕೊಟ್ಟಿಗೆ ಕಿತ್ತ ಮರದ ರಾಶಿಯಿಂದ ನಾಲ್ಕು ತುಂಡು ಆರಿಸಿಕೊಂಡು, ಬಟ್ಟೆಯ ನಡುವೆ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಾಗ ನಿನ್ನ ಅಜ್ಜಿ ಗೊಣಗಿದಳು. ನನಗೆ ಮಾತ್ರ ಗಂಟಲು ತುಂಬಿ ಬಂತು. ಉಳಿದದ್ದೆಲ್ಲ ಹಂಡೆ ಒಲೆಗೆ ಹೋಯಿತು ಮಗೂ. ನೀನು ಒಯ್ದದ್ದು ಕೊಟ್ಟಿಗೆ ಬಾಗಿಲಿನ ದಾರಂದದ ಒಂದು ಹಲಸಿನ ತುಂಡು, ಮೂರು ಸಾಗುವಾನಿ ರೀಪು. ಆ ದಾರಂದ ನಿಲ್ಲಿಸಿದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಗದ್ದೆಯಂಚಿನ ಹಲಸಿನ ಮರ ಗಾಳಿಗೆ ಬಿದ್ದಿತ್ತು. ಅಪ್ಪ ಅದನ್ನು ಕೊಯ್ಯಿಸಿ, ಎರಡು ಮಳೆಗಾಲ ಅಟ್ಟದ ಮೇಲೆ ಒಣಗಿಸಿ, ಆಮೇಲೆ ಆಚಾರಿಯನ್ನು ಕರೆಸಿದರು. ಹೊಸದಾಗಿ ಕೊಯ್ದ ಹಲಸಿನ ಚೇಗು ಅರಿಶಿನದಂತೆ ಹಳದಿ. ಬೆಳಕು ಬಿದ್ದು ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಹಣ್ಣಡಿಕೆಯ ಸಿಪ್ಪೆ ಒಣಗಿದ ಬಣ್ಣಕ್ಕೆ ತಿರುಗುತ್ತದೆ. ನಿನ್ನ ತುಂಡಿನ ಒಂದು ಅಂಚು ಗಾಜಿನ ಹಾಗೆ ನುಣುಪಾಗಿದೆ, ನೋಡಿದ್ದೀಯಾ? ಅದನ್ನು ಯಾವ ಆಚಾರಿಯೂ ಮಾಡಿದ್ದಲ್ಲ. ಐವತ್ತಕ್ಕೂ ಹೆಚ್ಚು ವರ್ಷ ದನಗಳು ಒಳಗೆ ಹೋಗುವಾಗ, ಹೊರಗೆ ಬರುವಾಗ ಮೈ ತಿಕ್ಕಿದ ಅಂಚು ಅದು. ಅದಕ್ಕೆ ಉಜ್ಜುಗೊರಡು ತಾಗಿಸಬೇಡ. ದೀಪದ ಪೀಠದ ಮುಂದುಗಡೆ, ನಿನ್ನ ಕೈ ಬರುವ ಕಡೆ ಅದೇ ಇರಲಿ.

ಮೊದಲ ಕೆಲಸ ಮೊಳೆ ಹುಡುಕುವುದು. ಹಳೆಯ ಮರದೊಳಗೆ ತಲೆ ಮುರಿದ ಮೊಳೆ ಇರುವುದು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಒಂದು ಕಪ್ಪು ಕಲೆ ಇರುತ್ತದೆ, ಅಷ್ಟೆ. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಓಡಿಸು, ಕಬ್ಬಿಣ ಇದ್ದ ಕಡೆ ವಾಲುತ್ತದೆ. ಎಲ್ಲ ಕಿತ್ತಾದ ಮೇಲೂ ಕೊಯ್ಯಲು ಹೋಗಬೇಡ. ತುಂಡುಗಳನ್ನು ನಿನ್ನ ಮೇಜಿನ ಕೆಳಗೆ, ಗಾಳಿಯಾಡುವಂತೆ ಕಡ್ಡಿ ಕೊಟ್ಟು, ಮೂರು ವಾರ ಸುಮ್ಮನೆ ಇಡು.

ಹಳೇ ಮರ, ಒಣಗಿದ್ದೇ ಅಲ್ಲವಾ ಅಂತ ಕೇಳುತ್ತೀ. ಒಣಗಿದ್ದು ತೀರ್ಥಹಳ್ಳಿಯ ಗಾಳಿಗೆ, ನೀನು ಓದುತ್ತಿರುವ ಕಲಬುರಗಿಯ ಗಾಳಿಗೆ ಅಲ್ಲ. ಮರ ಸತ್ತ ಮೇಲೂ ಸುತ್ತಲ ಗಾಳಿಯಿಂದ ನೀರು ಕುಡಿಯುತ್ತದೆ, ಗಾಳಿಗೆ ನೀರು ಬಿಡುತ್ತದೆ. ನಮ್ಮ ದೇವರಕೋಣೆಯ ಬಾಗಿಲು ನಿನಗೆ ಗೊತ್ತು. ಆಷಾಢದಲ್ಲಿ ಹಾಕಿದರೆ ತೆಗೆಯಲು ಭುಜ ಕೊಡಬೇಕು. ಶಿವರಾತ್ರಿ ಕಳೆದರೆ ಅದೇ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ. ಒಂದೇ ಊರಿನಲ್ಲಿ ಇಷ್ಟು. ನೀನು ಅದನ್ನು ನಲವತ್ತು ಡಿಗ್ರಿ ದಾಟುವ ಬಿಸಿಲಿನ ಸೀಮೆಗೆ ಒಯ್ದಿದ್ದೀಯ. ಈ ಕುಗ್ಗುವಿಕೆಗೂ ಒಂದು ಕ್ರಮವಿದೆ. ಉದ್ದಕ್ಕೆ ಮರ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ಕುಗ್ಗುವುದೆಲ್ಲ ಅಗಲಕ್ಕೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಡೊಂಕಾಗುವುದು, ಸೀಳುವುದು, ಎಲ್ಲ ಈ ವ್ಯತ್ಯಾಸದಿಂದ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ನಿನ್ನ ಅಮ್ಮನ ದೀಪ ಕೆಡಿಸಿ ಕಲಿತೆ. ಜೋಗದಲ್ಲಿ 1948ರಲ್ಲೇ ವಿದ್ಯುತ್ ಹುಟ್ಟಿತಾದರೂ ಮಲೆನಾಡಿನ ಒಂಟಿ ಮನೆಗಳಿಗೆ ತಂತಿ ಬರಲು ಎಷ್ಟೋ ಕಾಲ ಹಿಡಿಯಿತು. ನಾನು ಓದಿದ್ದು ಬುಡ್ಡಿದೀಪದಲ್ಲಿ, ಮೂಗಿನ ತುಂಬ ಮಸಿ ತುಂಬಿಕೊಂಡು. ಮನೆಗೆ ಕರೆಂಟು ಬಂದ ಮೇಲೆ, ನನ್ನ ಮಗಳು ಎಸ್ಸೆಸ್ಸೆಲ್ಸಿಗೆ ಒಳ್ಳೆಯ ಬೆಳಕಲ್ಲಿ ಓದಲಿ ಎಂದು 1983ರಲ್ಲಿ ಒಂದು ಮೇಜುದೀಪ ಮಾಡಿದೆ. ಶಾಲೆಯ ಮರಗೆಲಸದ ಕೋಣೆಯಲ್ಲಿ ಮಿಕ್ಕ ಮೂರು ಚೂರು ಹಲಗೆ ಜೋಡಿಸಿ ಪೀಠ ಕಟ್ಟಿದೆ. ಗಟ್ಟಿಯಾಗಿರಲಿ ಎಂದು ಅಡಿಯಲ್ಲಿ ಒಂದು ಅಡ್ಡಪಟ್ಟಿಗೆ ಅಂಟು ಬಳಿದು ಮೊಳೆಯನ್ನೂ ಹೊಡೆದೆ. ಅಡ್ಡಪಟ್ಟಿ ತನ್ನ ಉದ್ದಕ್ಕೆ ಕುಗ್ಗುವುದಿಲ್ಲ, ಮೇಲಿನ ಹಲಗೆ ತನ್ನ ಅಗಲಕ್ಕೆ ಕುಗ್ಗದೆ ಇರುವುದಿಲ್ಲ. ಒಂದನ್ನೊಂದು ಅಲುಗದಂತೆ ಕಟ್ಟಿಹಾಕಿದವನು ನಾನು. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಪೀಠ ನಡುವೆ ಉದ್ದಕ್ಕೆ ಸೀಳಿತ್ತು. ಅದಕ್ಕೂ ಮುಂಚೆಯೇ ಇನ್ನೊಂದು ತಪ್ಪು ಗೊತ್ತಾಗಿತ್ತು: ಮರದ ಟೋಪಿಯೊಳಗೆ ಅರವತ್ತು ವ್ಯಾಟಿನ ಬಲ್ಬು ಹಾಕಿದ್ದೆ. ಆ ಕಾಲದ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. ವಾರ ಕಳೆಯುವುದರಲ್ಲಿ ಟೋಪಿಯ ಒಳಗೆ ರೂಪಾಯಿ ಅಗಲದ ಸುಟ್ಟ ಕಲೆ, ಕೋಣೆಯಲ್ಲಿ ಹೊಗೆ ವಾಸನೆ. ನಿನ್ನ ಅಮ್ಮ ಏನೂ ಹೇಳದೆ ಟೋಪಿ ಕಳಚಿಟ್ಟು, ಸೀಳಿದ ಪೀಠಕ್ಕೆ ಹುರಿ ಸುತ್ತಿಕೊಂಡು ಪರೀಕ್ಷೆ ಮುಗಿಸಿದಳು. ಆ ದೀಪ ಅಟ್ಟದ ಮೇಲೆ ಈಗಲೂ ಇದೆ. ಹುರಿಯನ್ನು ನಾನು ಬಿಚ್ಚಿಲ್ಲ.

ಬಹಳ ವರ್ಷಗಳ ಮೇಲೆ ಜಾರ್ಜ್ ನಕಶಿಮಾ ಎಂಬವರ ಕೆಲಸದ ಚಿತ್ರಗಳನ್ನು ನೋಡಿದೆ. ಜಪಾನಿ ಮೂಲದ ಅಮೆರಿಕದವರು, ಓದಿದ್ದು ವಾಸ್ತುಶಿಲ್ಪ. 1930ರ ದಶಕದ ಕೊನೆಯಲ್ಲಿ ಪುದುಚೇರಿಗೆ ಬಂದು ಅರವಿಂದಾಶ್ರಮದ ಗೋಲ್ಕೊಂಡ್ ಕಟ್ಟಡದ ಕೆಲಸದಲ್ಲಿ ನಿಂತವರು. ಯುದ್ಧ ಬಂದಾಗ ಅಮೆರಿಕ ತನ್ನ ಜಪಾನಿ ಮೂಲದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತಲ್ಲ, 1942ರಲ್ಲಿ ಇವರನ್ನೂ ಹೆಂಡತಿ, ಕೈಗೂಸಿನ ಸಮೇತ ಐಡಹೊ ಪ್ರಾಂತದ ಮಿನಿಡೋಕ ಶಿಬಿರಕ್ಕೆ ಹಾಕಿದರು. ಅಲ್ಲಿ ಗೆಂಟಾರೊ ಹಿಕೊಗಾವ ಎಂಬ ಜಪಾನಿ ಬಡಗಿಯೂ ಇದ್ದರು. ಅವರ ಜೊತೆ ಕೂತು ನಕಶಿಮಾ ಕೈಯುಪಕರಣಗಳ ಕೆಲಸ ಕಲಿತರು. ಶಿಬಿರದಲ್ಲಿ ಸಾಮಗ್ರಿ ಎಲ್ಲಿಂದ ಬರಬೇಕು? ಕಟ್ಟಡಕ್ಕೆ ಬಳಸಿ ಮಿಕ್ಕ ಚೂರು ಮರ, ಬಯಲಲ್ಲಿ ಬೆಳೆದ ಕುರುಚಲು ಗಿಡದ ಕಾಂಡ. ಅದರಲ್ಲೇ ಮನೆಬಳಕೆಯ ವಸ್ತು ಮಾಡಿದರು. ಮುಂದೆ ದೊಡ್ಡ ಹೆಸರಾಯಿತು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಅಲ್ಲಿಯೂ ಪೀಠೋಪಕರಣಗಳನ್ನು ರೂಪಿಸಿದರು. ಹಲಗೆ ಬಿರುಕು ಬಿಟ್ಟಿದ್ದರೆ ಅವರು ಅದನ್ನು ಮೇಣ ತುಂಬಿ ಮುಚ್ಚುತ್ತಿರಲಿಲ್ಲ. ಬಿರುಕಿಗೆ ಅಡ್ಡಲಾಗಿ, ಶಿವನ ಡಮರುವಿನ ಆಕಾರದ ಗಟ್ಟಿಮರದ ಬೆಣೆಯೊಂದನ್ನು ಕೂರಿಸುತ್ತಿದ್ದರು. ಎರಡು ಬದಿ ಅಗಲ, ನಡು ಸಣ್ಣ. ಬಿರುಕು ಕಾಣುತ್ತಲೇ ಇರುತ್ತದೆ, ಮುಂದೆ ಮಾತ್ರ ಓಡುವುದಿಲ್ಲ. ಆ ಚಿತ್ರ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುರಿಯ ಬದಲು ಅಂಥದೊಂದು ಬೆಣೆ ಇಡಬಹುದಿತ್ತಲ್ಲ ಎಂದು.

ನಿನ್ನ ಹಲಸಿನ ತುಂಡಿನ ಒಂದು ತುದಿಯಲ್ಲೂ ಎರಡು ಅಂಗುಲದ ಬಿರುಕಿದೆ. ಆ ಭಾಗ ಕೊಯ್ದು ಎಸೆಯಬೇಡ, ಪೀಠ ಸಣ್ಣದಾಗುತ್ತದೆ. ಪಾರ್ಸಲ್‌ನಲ್ಲಿ ಒಂದು ಬೀಟೆ ಚೂರು ಕಳಿಸುತ್ತಿದ್ದೇನೆ, ಅಜ್ಜಿಯ ಹಳೇ ಮಂಚದ ಕಾಲಿನದು. ಅದರಿಂದ ಡಮರು ಕೆತ್ತು. ಮೊದಲು ಬೆಣೆ ಮಾಡು, ಆಮೇಲೆ ಅದನ್ನೇ ಹಲಗೆಯ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಗೆರೆಯ ಒಳಗೇ ಉಳಿ ಹಾಕು. ಗುಂಡಿ ಮೊದಲು ತೋಡಿ ಬೆಣೆ ಆಮೇಲೆ ಮಾಡಿದವರ ಬೆಣೆ ಯಾವತ್ತೂ ಸಡಿಲವೇ. ಉಳಿ ಹಿಡಿದಾಗ ಎಡಗೈ ಬಲಗೈ ಎರಡೂ ಅಲಗಿನ ಹಿಂದೆಯೇ ಇರಬೇಕು. ನಾಳೆ ರೋಗಿಗಳ ಮೈ ಮುಟ್ಟಿ ನೋಡಬೇಕಾದ ಕೈ ಅದು.

ಇನ್ನು ದೀಪದ ಎತ್ತರ. ಅಳತೆಯನ್ನು ಮರದಿಂದ ಶುರು ಮಾಡಬೇಡ, ಪುಸ್ತಕದಿಂದ ಶುರು ಮಾಡು. ಕುರ್ಚಿಯ ಮೇಲೆ ಓದುವ ಹಾಗೇ ಕೂತುಕೊ. ಗೆಳತಿಯ ಕೈಯಲ್ಲಿ ಒಂದು ಬಲ್ಬು ಹಿಡಿಸಿ, ಉರಿಯದ ಬಲ್ಬೇ ಸಾಕು, ಪುಟದ ಮೇಲ್ಗಡೆ ಏರಿಳಿಸು. ಟೋಪಿಯ ಕೆಳಂಚು ನಿನ್ನ ಕಣ್ಣಿನ ಮಟ್ಟಕ್ಕಿಂತ ತಗ್ಗಿನಲ್ಲಿ ನಿಲ್ಲಬೇಕು, ಇಲ್ಲವಾದರೆ ಬೆಳಕು ಪುಟಕ್ಕೆ ಬೀಳದೆ ಕಣ್ಣಿಗೆ ಬೀಳುತ್ತದೆ. ಹದಿನೈದು ಅಂಗುಲದ ಆಸುಪಾಸಿಗೆ ಬರಬಹುದು. ಬೆಳಕಿನ ಲೆಕ್ಕ ನೀನು ಪಿಯುಸಿಯಲ್ಲಿ ಓದಿದ್ದೇ: ದೂರ ಎರಡು ಪಟ್ಟಾದರೆ ಪುಟಕ್ಕೆ ಸಿಗುವ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಸ್ಟೆಲಿನ ಚಾವಣಿಯ ಟ್ಯೂಬ್‌ಲೈಟು ಕೋಣೆಯನ್ನೆಲ್ಲ ಬೆಳಗಿದರೂ ನಿನ್ನ ಪುಟದ ಸಣ್ಣಕ್ಷರ ಮಬ್ಬಾಗಿ ಕಾಣುವುದು ಇದಕ್ಕೇ.

ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಗಡೆ ಇರಬೇಕು, ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ನೀನು ಎಡಚಿ. ನೀನು ಸಣ್ಣವಳಿದ್ದಾಗ ಪೆನ್ಸಿಲನ್ನು ಬಲಗೈಗೆ ಕೊಡಿಸಲು ಈ ಮನೆಯಲ್ಲಿ ಎಷ್ಟು ಜನ ಪ್ರಯತ್ನ ಪಟ್ಟರು, ನಾನೂ ಅವರಲ್ಲಿ ಒಬ್ಬ. ಅದು ತಪ್ಪಾಗಿತ್ತು ಮಗೂ. ಈ ದೀಪದ ಕಂಬ ಪೀಠದ ಬಲ ಹಿಂಮೂಲೆಯಲ್ಲಿ ನಿಲ್ಲಲಿ, ತೋಳು ಬಲದಿಂದ ಎಡಕ್ಕೆ ಚಾಚಲಿ.

ಕಟ್ಟುವುದು ಕಷ್ಟವಲ್ಲ. ಎರಡು ರೀಪು ಜೋಡಿಗಂಬವಾಗಿ ನಿಲ್ಲುತ್ತವೆ, ಮೂರನೆಯದು ಅವುಗಳ ನಡುವೆ ತೋಳು. ಬುಡದಲ್ಲಿ ಎರಡು ಕಂಬಗಳ ನಡುವೆ ಅದೇ ರೀಪಿನ ಒಂದು ಚೂರು ಕೊಟ್ಟು, ಮೂರನ್ನೂ ಕೂಡಿಸಿ ಪೀಠದಲ್ಲಿ ತೋಡಿದ ಗೂಡಿಗೆ ಇಳಿಸಿ, ಅಡಿಯಿಂದ ಎರಡು ತಿರುಪುಮೊಳೆ ಹಾಕು. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಇದೆ, ಅಂಟು ಹಿಡಿಯಲು ಸತಾಯಿಸುತ್ತದೆ. ಅಂಟುವ ಮುಖವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಬೇಕು. ಮೇಲ್ತುದಿಯಲ್ಲಿ ಮೂರು ರೀಪನ್ನೂ ಹಾಯುವಂತೆ ಆರು ಮಿಲಿಮೀಟರ್ ಬೋಲ್ಟು, ವಾಷರು, ಬೆರಳಲ್ಲೇ ತಿರುಗಿಸುವ ವಿಂಗ್ ನಟ್ಟು. ಮರ ಮರಕ್ಕೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಿಲ್ಲೆ ಇಟ್ಟರೆ ತೋಳು ಜಾರದೆ ನೀನು ನಿಲ್ಲಿಸಿದಲ್ಲಿ ನಿಲ್ಲುತ್ತದೆ. ರಂಧ್ರ ಕೊರೆಯಲು, ಗೂಡು ತೋಡಲು ಉಪಕರಣ ಬೇಕಲ್ಲ, ಊರಿನಲ್ಲಿ ಬಡಿಗೇರರ ಅಂಗಡಿ ಹುಡುಕಿ ಹೋಗು. ಕೆಲಸ ಮಾಡಿಕೊಡಿ ಅನ್ನಬೇಡ, ಮಾಡಲು ಜಾಗ ಕೊಡಿ ಅಂತ ಕೇಳು. ಮರ ಹಿಡಿದು ಬಂದ ಹುಡುಗಿಯನ್ನು ಯಾವ ಬಡಗಿಯೂ ಹಿಂದೆ ಕಳಿಸುವುದಿಲ್ಲ.

ಚಾಚಿದ ತೋಳಿನ ದೀಪಕ್ಕೆ ಬೀಳುವ ಭಯ ಯಾವಾಗಲೂ ಇರುತ್ತದೆ. ಅದಕ್ಕೇ ಪಾರ್ಸಲ್‌ನಲ್ಲಿ ಇನ್ನೊಂದು ವಸ್ತು ಇದೆ: ನನ್ನ ಅಪ್ಪ ಅಡಿಕೆ ತೂಗುತ್ತಿದ್ದ ತಕ್ಕಡಿಯ ಒಂದು ಕಿಲೋ ಕಬ್ಬಿಣದ ಕಲ್ಲು. ಪೀಠದ ಅಡಿಯಲ್ಲಿ ಗುಂಡಿ ತೋಡಿ ಅದನ್ನು ಕೂರಿಸು. ಹಲಸು ಹಗುರ, ನಿನ್ನ ತುಂಡು ಮುಕ್ಕಾಲು ಕಿಲೋ ಇದ್ದರೆ ಹೆಚ್ಚು. ಕಲ್ಲು ಸೇರಿದರೆ ಪುಸ್ತಕದ ಮೂಲೆ ತಾಗಿತು ಎಂದು ಉರುಳುವುದಿಲ್ಲ. ಆದರೆ ಇಲ್ಲೇ ಹುಷಾರಾಗಿರು. ಗುಂಡಿ ಕಲ್ಲಿಗಿಂತ ಸುತ್ತಲೂ ಅರ್ಧ ನೂಲು ದೊಡ್ಡದಿರಬೇಕು. (ಅಂಗುಲಕ್ಕೆ ಎಂಟು ನೂಲು. ನಿನ್ನ ಅಳತೆಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ.) ಬೇಸಿಗೆಗೆ ಮರ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಬಿಗಿಯಾಗಿ ಕೂರಿಸಿದರೆ ಮರ ಕಬ್ಬಿಣವನ್ನು ಒತ್ತಿ ಒತ್ತಿ ಕೊನೆಗೆ ತಾನೇ ಸೀಳಿಕೊಳ್ಳುತ್ತದೆ. ಸುತ್ತಲ ಸಂದಿಗೆ ಉಣ್ಣೆಬಟ್ಟೆಯ ಚೂರು ತುಂಬು, ಲೊಟಲೊಟ ಸದ್ದು ಬರುವುದಿಲ್ಲ. ಅಡಿಯ ಮುಚ್ಚಳಕ್ಕೆ ಅಂಟು ಬೇಡವೇ ಬೇಡ. ನಾಲ್ಕು ತಿರುಪು ಹಾಕು, ತಿರುಪಿನ ತೂತುಗಳನ್ನು ಮರದ ಅಗಲದ ದಿಕ್ಕಿಗೆ ಉದ್ದುದ್ದ ಮಾಡಿ, ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡು. ಹಲಗೆ ಅತ್ತಿತ್ತ ಸರಿದಾಡಲು ದಾರಿ ಇರಬೇಕು. ನಿನ್ನ ಅಮ್ಮನ ದೀಪದಲ್ಲಿ ನಾನು ಬಿಡದೇ ಹೋದದ್ದು ಅದೊಂದೇ.

ವೈರಿನ ವಿಷಯವನ್ನು ಎರಡು ಸಲ ಓದು. ಎರಡೆಳೆಯ, 0.75 ಚದರ ಮಿಲಿಮೀಟರಿನ, ಐ.ಎಸ್.ಐ. ಗುರುತಿರುವ ಮೃದು ವೈರು ತಾ. ಹಳೆಯ ವೈರನ್ನು ಜೋಡಿಸಿ ಟೇಪು ಸುತ್ತುವುದು ಬೇಡ. ಮರ ಹಳೆಯದಿರಲಿ, ವೈರು ಹೊಸದೇ ಇರಲಿ. ಕಂದು ಎಳೆ ಫೇಸ್, ನೀಲಿ ನ್ಯೂಟ್ರಲ್. ವೈರಿನ ನಡುವೆ ಹಾಕುವ ಸ್ವಿಚ್ಚು ಕಂದು ಎಳೆಯನ್ನು ಕಡಿಯಬೇಕು. ಆದರೆ ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಫೇಸು ನ್ಯೂಟ್ರಲು ಅದಲುಬದಲು. ಆದ್ದರಿಂದ ಬಲ್ಬು ಬದಲಿಸುವಾಗ ಸ್ವಿಚ್ಚನ್ನು ನಂಬಬೇಡ, ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಡು. ವೈರು ಪೀಠದೊಳಗೆ ಬರುವ ಕಡೆ ಒಳಬದಿಯಲ್ಲಿ ಒಂದು ಗಂಟು ಹಾಕು, ಯಾರಾದರೂ ಎಡವಿ ಎಳೆದರೂ ಆ ಎಳೆತ ಹೋಲ್ಡರಿನ ತಿರುಪಿಗೆ ಮುಟ್ಟಬಾರದು. ಬೋಲ್ಟಿನ ಹತ್ತಿರ ವೈರನ್ನು ಬಿಗಿಯಾಗಿ ಕೊಂಡೊಯ್ಯದೆ ಒಂದು ಸುತ್ತು ಸಡಿಲ ಬಿಡು, ತೋಳು ಏರಿಳಿಯುವಾಗ ಮರದ ನಡುವೆ ಸಿಕ್ಕಿ ಸಿಪ್ಪೆ ಸುಲಿಯಬಾರದು. ಹೋಲ್ಡರು ಬೇಕಲೈಟಿನದು. ಎಲ್ಲ ಮುಗಿದ ಮೇಲೆ, ಪ್ಲಗ್ಗು ಚುಚ್ಚುವ ಮೊದಲು, ಕೆಲಸ ಗೊತ್ತಿರುವ ವೈರ್‌ಮನ್ ಒಬ್ಬರಿಗೆ ತೋರಿಸು. ಇದೊಂದು ಮಾತು ನನಗಾಗಿ.

ಬಲ್ಬು ಐದು ವ್ಯಾಟಿನ ಎಲ್‌ಇಡಿ ಸಾಕು. ನನ್ನ ಕಾಲದ ನಲವತ್ತರ ಬಲ್ಬಿನಷ್ಟು ಬೆಳಕು ಅದರಿಂದಲೇ ಬರುತ್ತದೆ. ನೀಲಿ ಬೆಳಕಿನ ಎಲ್‌ಇಡಿ ಸಾಧ್ಯವಾಗಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಸೂಸುವ ಲೇಪ ಕೊಟ್ಟೇ ಬಿಳಿ ಬೆಳಕು ಮಾಡುತ್ತಾರೆ. ಅವರ ಕೆಲಸ ಮೊದಲೇ ಆಗಿದ್ದರೆ ನಿನ್ನ ಅಮ್ಮನ ದೀಪದ ಟೋಪಿ ಸುಡುತ್ತಿರಲಿಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಪೊಟ್ಟಣದ ಮೇಲೆ 3000 ಕೆ ಎಂದಿರುವುದನ್ನು ಆರಿಸು, ಸಂಜೆಗೆ ಹಿತವಾದ ಹಳದಿ. 6500 ಎಂದಿರುವುದು ಆಸ್ಪತ್ರೆಯ ಬಿಳಿ, ಅದನ್ನು ನೀನು ಹಗಲೆಲ್ಲ ನೋಡುತ್ತೀ.

ಟೋಪಿಗೆ ಮರ ಬೇಡ. ನಮ್ಮ ತೋಟದ ಎರಡು ಅಡಿಕೆ ಹಾಳೆ ಕಳಿಸಿದ್ದೇನೆ. ಅರ್ಧ ದಿನ ನೀರಲ್ಲಿ ನೆನೆಸು, ಹಸಿ ತೊಗಲಿನ ಹಾಗೆ ಬಗ್ಗುತ್ತದೆ. ಹಾಸ್ಟೆಲಿನ ಒಂದು ಸ್ಟೀಲ್ ಡಬ್ಬಿಯ ಸುತ್ತ ಕಟ್ಟಿ ನೆರಳಲ್ಲಿ ಒಣಗಿಸಿದರೆ ಅದೇ ಆಕಾರಕ್ಕೆ ನಿಲ್ಲುತ್ತದೆ. ತುದಿಗಳನ್ನು ದಪ್ಪ ದಾರದಲ್ಲಿ ಹೊಲಿ; ಹೊಲಿಗೆ ಹಾಕುವುದು ನಿಮಗೆ ಕಲಿಸುತ್ತಾರಲ್ಲ. ಒಳಗೆ ಬಿಳಿ ಕಾಗದ ಅಂಟಿಸಿದರೆ ಬೆಳಕು ಕೆಳಗೆ ಚೆನ್ನಾಗಿ ಬೀಳುತ್ತದೆ. ನೆತ್ತಿಯ ಮೇಲೆ ಮೂರು ಬೆರಳು ಅಗಲ ತೆರೆದು ಬಿಡು. ಎಲ್‌ಇಡಿ ತಣ್ಣಗೆ ಅನ್ನುತ್ತಾರಾದರೂ ಅದರ ಬುಡ ಬಿಸಿಯಾಗುತ್ತದೆ, ಉಸಿರಾಡದಿದ್ದರೆ ಬೇಗ ಸಾಯುತ್ತದೆ. ಈ ಟೋಪಿಗೆ ಹಳೇ ತಂತಿ ಬಲ್ಬನ್ನು ಯಾವ ಕಾರಣಕ್ಕೂ ಹಾಕಕೂಡದು.

ಬಣ್ಣ ಬಳಿಯಬೇಡ. ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು ನಂಬರಿನ ಪಾಲಿಶ್ ಪೇಪರಿನಲ್ಲಿ ಎಳೆಯ ಗುಂಟ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಸವರು. ತೆಂಗಿನೆಣ್ಣೆ ಆಗುವುದಿಲ್ಲ, ಅದು ಎಂದೂ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಬಿಡಿಸಿ ಹರವು, ಇಲ್ಲವೇ ನೀರಿನಲ್ಲಿ ಮುಳುಗಿಸಿಡು. ದನ ತಿಕ್ಕಿದ ಅಂಚಿಗೆ ಎಣ್ಣೆಯೂ ಬೇಡ, ಒಣಬಟ್ಟೆ ಸಾಕು.

ಅಜ್ಜಿ ಪಾರ್ಸಲ್ಲಿಗೆ ಒಂದು ಡಬ್ಬಿ ತೊಡೆದೇವು ಸೇರಿಸಿದ್ದಾಳೆ. ಕಬ್ಬಿಣದ ಕಲ್ಲು ಅದರ ಮೇಲೆ ಬೀಳದಂತೆ ನಾನೇ ಕಟ್ಟಿದ್ದೇನೆ. ನಾಳೆ ಸಂಜೆಯ ಬಸ್ಸಿಗೆ ಹಾಕುತ್ತೇನೆ, ಸಿಕ್ಕ ಕೂಡಲೇ ತಿಳಿಸು. ಇನ್ನೊಂದು ಮಾತು. ನೀನು ಟ್ರಂಕು ತುಂಬುವ ಮುಂಚೆ ಆ ಹಲಸಿನ ತುಂಡಿನ ಅಡಿಯಲ್ಲಿ ನಾನು ಪೆನ್ಸಿಲಿನಿಂದ ಅಡ್ಡಲಾಗಿ ಒಂದು ಗೆರೆ ಎಳೆದು ಅಗಲ ಬರೆದಿಟ್ಟಿದ್ದೇನೆ: ಏಳು ಅಂಗುಲ, ಎರಡು ನೂಲು. ಆ ಬರಹವನ್ನು ಉಜ್ಜಿಹಾಕಬೇಡ. ಮೇ ತಿಂಗಳಲ್ಲಿ ರಜೆಗೆ ಹೊರಡುವ ದಿನ ಅದೇ ಗೆರೆಯ ಮೇಲೆ ಪಟ್ಟಿ ಇಟ್ಟು ಮತ್ತೆ ಅಳೆದು, ಎಷ್ಟು ಬಂತೆಂದು ಪಕ್ಕದಲ್ಲಿ ಬರೆ. ನನಗೂ ಬಂದು ಹೇಳು.

ಇತಿ ನಿನ್ನ
ಅಜ್ಜಯ್ಯ